ಇಪ್ಪತ್ತೇಳು ಇಗರ್ಜಿಗಳು ಮತ್ತು ನಮ್ಮ ಮೂರು ಉತ್ತರಗಳು

2022ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಮುಗಿದ ಎರಡೇ ದಿನಕ್ಕೆ ಪಿರಿಯಾಪಟ್ಟಣದ ಸೇಂಟ್ ಮೇರಿ ಚರ್ಚಿಗೆ ಯಾರೋ ನುಗ್ಗಿದರು. ಕಾಣಿಕೆ ಹುಂಡಿ ಹೋಗಿತ್ತು. ಬಾಲ ಯೇಸುವಿನ ಮೂರ್ತಿಗೆ ಹಾನಿಯಾಗಿತ್ತು. ಸುದ್ದಿ ಹುಣಸೂರಿಗೆ ಬಂದಾಗ ನಾನು ಚಹಾದಂಗಡಿಯಲ್ಲಿದ್ದೆ. ಪಕ್ಕದಲ್ಲಿ ಕೂತಿದ್ದ ನಮ್ಮ ಮೊಹಲ್ಲಾದ ಹಿರಿಯರೊಬ್ಬರು ಕೇಳಿದ ಮೊದಲ ಪ್ರಶ್ನೆ, 'ಯಾರು ಮಾಡಿದ್ದಂತೆ? ನಮ್ಮೋರಲ್ಲ ತಾನೆ?' ನಾಲ್ಕು ಹೆಜ್ಜೆ ಆಚೆ ನಿಂತಿದ್ದ ಇನ್ನೊಬ್ಬರ ಪ್ರಶ್ನೆಯೂ ಅದೇ ಆಗಿತ್ತು. ಅವರ 'ನಮ್ಮೋರು' ಬೇರೆ, ಅಷ್ಟೆ. ಪೊಲೀಸರು ಅದನ್ನು ಕಳ್ಳತನದ ಪ್ರಕರಣವೆಂದು ನೋಡಿದಾಗ ಇಬ್ಬರಿಗೂ ಸಮಾಧಾನವಾಯಿತು. ನಿಜ ಹೇಳಬೇಕೆಂದರೆ ನನಗೂ ಆಯಿತು. ಒಡೆದದ್ದು ಯಾರ ಮೂರ್ತಿ, ಮರುದಿನ ಬೆಳಿಗ್ಗೆ ಅದರ ಮುಂದೆ ನಿಂತ ಹೆಂಗಸರಿಗೆ ಏನನ್ನಿಸಿತು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಆ ಸಂಜೆ ನನಗೆ ಹಳೆಯ ಮಾತೊಂದು ನೆನಪಾಯಿತು. ಕೆಲವು ವರ್ಷಗಳ ಹಿಂದೆ ಕರಾವಳಿಯ ಊರೊಂದರಲ್ಲಿ ಟಿಪ್ಪುವಿನ ಬಗ್ಗೆ ಮಾತಾಡಲು ಹೋಗಿದ್ದೆ. ರಾಕೆಟ್, ರೇಷ್ಮೆ, ಶೃಂಗೇರಿ ಮಠಕ್ಕೆ ಬರೆದ ಪತ್ರಗಳು, ಕೊನೆಗೆ ಶ್ರೀರಂಗಪಟ್ಟಣದ ಕೋಟೆ ಬಾಗಿಲಲ್ಲಿ ಕತ್ತಿ ಹಿಡಿದು ಸತ್ತದ್ದು. ಇಷ್ಟನ್ನೂ ಹೇಳಿ ಚಪ್ಪಾಳೆ ಪಡೆದು ಇಳಿದೆ. ಊಟದ ಸಾಲಿನಲ್ಲಿ ನಿವೃತ್ತ ಮಾಸ್ತರರೊಬ್ಬರು ತಟ್ಟೆ ಹಿಡಿದು ಬಳಿ ಬಂದರು. ಕೊಂಕಣಿ ಮನೆಮಾತಿನ ಕ್ರೈಸ್ತರು. ಸಿಟ್ಟಿರಲಿಲ್ಲ. 'ಶೃಂಗೇರಿಯದ್ದು ಹೇಳಿದಿರಿ ಸಾಹೇಬ್ರೇ, ಒಳ್ಳೆಯದೇ ಆಯಿತು. ನಮ್ಮದೂ ಒಂದು ಮಾತು ಹೇಳಬಹುದಿತ್ತಲ್ಲ ಮಾರಾಯ್ರೆ?' ಎಂದರು. 'ಅದು ಬೇರೆ ಸಂದರ್ಭ ಮಾಸ್ತರ್ರೇ' ಎಂದೆ. ಅವರು 'ಹೌದು ಹೌದು' ಎಂದು ಅನ್ನದ ಕಡೆ ಸರಿದರು. ಆ 'ಬೇರೆ ಸಂದರ್ಭ' ಯಾವುದು, ಅದರ ಬಗ್ಗೆ ನಾವು ಬರೆಯುವವರು ಇಲ್ಲಿಯವರೆಗೆ ಕೊಟ್ಟ ಉತ್ತರಗಳು ಎಂಥವು ಎಂದು ನೋಡುವುದಷ್ಟೇ ಈ ಬರಹದ ಉದ್ದೇಶ.

*

ಉರ್ದು ಶಾಲೆಯಲ್ಲಿ ನಾವು ಚರ್ಚಿಗೆ 'ಗಿರ್ಜಾ' ಎಂದು ಕಲಿತೆವು. ಮಂಗಳೂರಿನ ಕಡೆಯವರು 'ಇಗರ್ಜಿ' ಎನ್ನುತ್ತಾರೆ. ಎರಡೂ ಒಂದೇ ಪೋರ್ಚುಗೀಸ್ ಪದದ ಮಕ್ಕಳು. ಸಮುದ್ರದಿಂದ ಬಂದ ಒಂದು ಪದವನ್ನು ನಾವೂ ಅವರೂ ಹಂಚಿಕೊಂಡಿದ್ದೇವೆ. ಆದರೆ ಆ ಪದದ ಹಿಂದಿರುವ ಕಟ್ಟಡಗಳ ಕಥೆಯನ್ನು ಹಂಚಿಕೊಂಡಿಲ್ಲ.

ಕಥೆ ಚಿಕ್ಕದಾಗಿ ಹೀಗಿದೆ. ಗೋವೆಯಲ್ಲಿ ಕ್ರೈಸ್ತರಾದ ಕೊಂಕಣಿಗರಲ್ಲಿ ಅನೇಕರು ಅಲ್ಲಿನ ಧರ್ಮವಿಚಾರಣೆಯ ಕಾಟ, ಬರ, ಯುದ್ಧಗಳಿಂದ ತಪ್ಪಿಸಿಕೊಂಡು ಕೆನರಾಕ್ಕೆ ಬಂದರು. ಕೆಳದಿಯ ನಾಯಕರ ಆಳ್ವಿಕೆಯಲ್ಲಿ ಬೇಸಾಯ ಮಾಡಿ ನೆಲೆ ನಿಂತರು. ಮಂಗಳೂರಿನ ರೊಸಾರಿಯೊ ಇಗರ್ಜಿ 1568ರದು, ಮಿಲಾಗ್ರಿಸ್ 1680ರದು. ಉಳ್ಳಾಲ, ಮೂಲ್ಕಿ, ಕಾರ್ಕಳ, ಬಾರ್ಕೂರುಗಳಲ್ಲೂ ಇಗರ್ಜಿಗಳಾದವು. ಹೈದರಾಲಿ ಕೆನರಾವನ್ನು ಗೆದ್ದ ಮೇಲೂ ಅವು ನಡೆದುಕೊಂಡು ಬಂದವು.

ಹೈದರ್ ತೀರಿಕೊಂಡದ್ದು 1782ರ ಡಿಸೆಂಬರಿನಲ್ಲಿ. ಎರಡನೆಯ ಮೈಸೂರು ಯುದ್ಧ ಇನ್ನೂ ನಡೆಯುತ್ತಿತ್ತು. 1783ರ ಮಾರ್ಚ್‌ನಲ್ಲಿ ಜನರಲ್ ಮ್ಯಾಥ್ಯೂಸ್‌ನ ಇಂಗ್ಲಿಷ್ ಸೈನ್ಯ ಮಂಗಳೂರನ್ನು ಹಿಡಿಯಿತು. ಮೇ ತಿಂಗಳಲ್ಲಿ ಟಿಪ್ಪು ಮುತ್ತಿಗೆ ಹಾಕಿದ. 1784ರ ಜನವರಿ 30ರಂದು ಕೋಟೆ ಶರಣಾಯಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಈ ಎರಡು ತಾರೀಖುಗಳ ನಡುವೆ, ಫೆಬ್ರವರಿ ಕೊನೆಯ ಬೂದಿ ಬುಧವಾರದಂದು, ಕೆನರಾದ ಕ್ರೈಸ್ತರನ್ನು ಊರೂರಲ್ಲಿ ಹಿಡಿಯಲಾಯಿತು ಎಂದು ಆ ಸಮುದಾಯದ ನೆನಪು ಹೇಳುತ್ತದೆ. ಅವರು ಇಂಗ್ಲಿಷರಿಗೆ ಹಣ, ದವಸ, ಸುದ್ದಿ ಕೊಟ್ಟರು ಎಂಬುದು ಆರೋಪ. ಆಸ್ತಿ ಜಪ್ತಿಯಾಯಿತು. ಪಾದ್ರಿಗಳನ್ನು ಗೋವೆಯ ಕಡೆಗೆ ಅಟ್ಟಿದರು. ಹೆಂಗಸರು, ಮಕ್ಕಳು, ಮುದುಕರು ಸಮೇತ ಜನರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಸುಮಾರು ಆರು ವಾರಗಳ ನಡಿಗೆ. ದಾರಿಯಲ್ಲೇ ಸಾವಿರಾರು ಜನ ಸತ್ತರು. ತಲುಪಿದ ಗಂಡಸರಿಗೆ ಸುನ್ನತಿ ಮಾಡಿಸಿ ಹೆಸರು ಬದಲಿಸಿದರು, ಯುವಕರನ್ನು 'ಚೇಲಾ' ಪಡೆಗಳಿಗೆ ಸೇರಿಸಿದರು. ಹೆಣ್ಣುಮಕ್ಕಳನ್ನು ಬೇರೆಯವರ ಮನೆಗಳಿಗೆ ಹಂಚಿದರು. ಹಿಂದೆ ಉಳಿದ ಇಗರ್ಜಿಗಳನ್ನು ಕೆಡವಿದರು. ಇಪ್ಪತ್ತೇಳು ಎಂಬುದು ಆ ಸಮುದಾಯ ಇವತ್ತಿಗೂ ಹೇಳುವ ಲೆಕ್ಕ.

ಇದಕ್ಕೆ ನಮ್ಮ ಕಡೆಯಿಂದ ಮೂರು ಉತ್ತರಗಳಿವೆ. ಮೂರನ್ನೂ ನಾನೇ ಬೇರೆ ಬೇರೆ ವೇದಿಕೆಗಳಲ್ಲಿ ಕೊಟ್ಟವನಾದ್ದರಿಂದ ಅವುಗಳ ಸತ್ವವೂ ಗೊತ್ತು, ಪೊಳ್ಳೂ ಗೊತ್ತು.

*

ಮೊದಲನೆಯ ಉತ್ತರ: ಇದೆಲ್ಲ ಇಂಗ್ಲಿಷರು ಕಟ್ಟಿದ್ದು.

ಇದರಲ್ಲಿ ಅರ್ಧ ಸತ್ಯವಿದೆ. ಟಿಪ್ಪುವಿನ ಪತ್ರಗಳನ್ನು ಆಯ್ದು 1811ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಕರ್ಕ್‌ಪ್ಯಾಟ್ರಿಕ್, ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್, ಇಬ್ಬರೂ ಗೆದ್ದ ಸರ್ಕಾರದ ಅಧಿಕಾರಿಗಳು. ತಾವು ಕೊಂದ ದೊರೆ ಕ್ರೂರಿಯೆಂದು ತೋರಿಸುವ ಅಗತ್ಯ ಅವರಿಗಿತ್ತು. ಅವರ ವಿಶೇಷಣಗಳನ್ನು ಅನುಮಾನದಿಂದಲೇ ಓದಬೇಕು.

ಆದರೆ ಸಾಕ್ಷಿ ಇಂಗ್ಲಿಷರದ್ದೊಂದೇ ಅಲ್ಲ. ಸುಲ್ತಾನನ ಹೆಸರಿನಲ್ಲೇ ಸಿದ್ಧವಾದ ಪಾರ್ಸಿ ವೃತ್ತಾಂತವಿದೆ. ಕ್ರೈಸ್ತರ ಮನೆಗಳನ್ನು ಗುಟ್ಟಾಗಿ ಎಣಿಸಿದ್ದು, ಮೊಹರು ಮಾಡಿದ ಹುಕುಂಗಳನ್ನು ಊರೂರಿಗೆ ಕಳಿಸಿ ಒಂದೇ ಹೊತ್ತಿಗೆ ತೆರೆಯಲು ಹೇಳಿದ್ದು, ಎಲ್ಲರನ್ನೂ ಒಮ್ಮೆಗೇ ಸೆರೆ ಹಿಡಿದದ್ದು, ಎಲ್ಲವನ್ನೂ ಅದು ಹೆಮ್ಮೆಯಿಂದಲೇ ವರ್ಣಿಸುತ್ತದೆ. ಅದು ಕೊಡುವ ಸಂಖ್ಯೆ 60,000. ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದ ಇಂಗ್ಲಿಷ್ ನಾವಿಕ ಜೇಮ್ಸ್ ಸ್ಕರಿ ಹೇಳುವುದು ಅದರ ಅರ್ಧ, 30,000. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಸಂಖ್ಯೆ ದೊಡ್ಡದಾದಷ್ಟೂ ಇಂಗ್ಲಿಷರಿಗೆ ಲಾಭ, ದೊರೆ ಅಷ್ಟು ಕ್ರೂರಿ ಎನ್ನಬಹುದು. ಆಸ್ಥಾನದ ಮುನ್ಷಿಗೂ ಲಾಭ, ದೊರೆ ಅಷ್ಟು ಧರ್ಮನಿಷ್ಠ ಎನ್ನಬಹುದು. ಆದ್ದರಿಂದ ಸಂಖ್ಯೆ ಎರಡೂ ಕಡೆಯಿಂದ ಊದಿಕೊಂಡಿದ್ದರೆ ಆಶ್ಚರ್ಯವಿಲ್ಲ. ಘಟನೆಯ ವಿಷಯ ಹಾಗಲ್ಲ. ಶತ್ರುವೂ ಸ್ವಂತ ಮುನ್ಷಿಯೂ ಒಪ್ಪುವ ಸಂಗತಿಯನ್ನು ಸುಳ್ಳೆನ್ನುವುದು ಕಷ್ಟ.

ಮೂರನೆಯ ಸಾಕ್ಷಿ ನಮಗೆ ಇನ್ನೂ ಹತ್ತಿರದ್ದು. ಸೆರೆಯಿಂದ ಊರಿಗೆ ಮರಳಿದ ಬಾರ್ಕೂರಿನ ಕ್ರೈಸ್ತನೊಬ್ಬ ಬರೆದಿಟ್ಟ ಹಸ್ತಪ್ರತಿಯೊಂದಿದೆ. ಅದು ಇಂಗ್ಲಿಷಿನಲ್ಲಿಲ್ಲ, ಪೋರ್ಚುಗೀಸಿನಲ್ಲಿಲ್ಲ, ಕನ್ನಡದಲ್ಲಿದೆ. ಶೃಂಗೇರಿಗೆ ಟಿಪ್ಪು ಬರೆಸಿದ ಪತ್ರಗಳು ಕನ್ನಡದಲ್ಲಿವೆ ಎಂದು ನಾವು ಅಭಿಮಾನದಿಂದ ಹೇಳುತ್ತೇವೆ. ಟಿಪ್ಪುವಿನಿಂದ ನೊಂದವನ ಮಾತೂ ಕನ್ನಡದಲ್ಲಿದೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕಾಗುತ್ತದೆ.

*

ಎರಡನೆಯ ಉತ್ತರ: ಅವರು ದ್ರೋಹ ಮಾಡಿದರು, ಯುದ್ಧದಲ್ಲಿ ಇಂಥದ್ದು ಸಹಜ.

ಇದು ಸ್ವಲ್ಪ ಓದಿಕೊಂಡವರ ಉತ್ತರ. ಮೊಹಿಬ್ಬುಲ್ ಹಸನ್ 1951ರಲ್ಲಿ ಬರೆದ ಟಿಪ್ಪುವಿನ ಇತಿಹಾಸದಿಂದ ಹಿಡಿದು ನಮ್ಮ ಅನೇಕ ವಿದ್ವಾಂಸರ ವಾದ ಇದೇ. ಶಿಕ್ಷೆಗೆ ಕಾರಣ ಮತವಲ್ಲ, ರಾಜಕೀಯ. ಟಿಪ್ಪುವಿನ ಸೇನೆಯಲ್ಲಿ ಫ್ರೆಂಚ್ ಕ್ರೈಸ್ತರಿದ್ದರು, ಆರ್ಮೇನಿಯದ ಕ್ರೈಸ್ತ ವರ್ತಕರನ್ನು ಅವನೇ ತನ್ನ ನಾಡಿಗೆ ಕರೆದ ಎಂದು ಅವರು ತೋರಿಸುತ್ತಾರೆ. ಇದೂ ನಿಜ. ಗೋವೆಯಿಂದ ನೇಮಕವಾಗುವ ಪಾದ್ರಿ ಟಿಪ್ಪುವಿನ ಕಣ್ಣಿಗೆ ಪರರಾಜ್ಯದ ಮನುಷ್ಯನಾಗಿ ಕಂಡಿರಬೇಕು. ಕರಾವಳಿಯ ಕೆಲವು ಕ್ರೈಸ್ತರು ಇಂಗ್ಲಿಷರಿಗೆ ನೆರವಾಗಿದ್ದರೂ ಇರಬಹುದು.

ಆದರೆ ಯುದ್ಧದ ಹಾನಿ ಎಂದರೆ ಹೇಗಿರುತ್ತದೆ ಎಂದು ನಮ್ಮ ಪಿರಿಯಾಪಟ್ಟಣಕ್ಕೆ ಗೊತ್ತು. ಮೂರನೆಯ ಮೈಸೂರು ಯುದ್ಧದಲ್ಲಿ ಅಬರ್‌ಕ್ರಾಂಬಿಯ ಬೊಂಬಾಯಿ ಸೈನ್ಯ ಕೊಡಗಿನ ದಾರಿಯಲ್ಲಿ ಇಳಿದು ಬಂದಾಗ, ಶತ್ರುವಿಗೆ ಆಸರೆಯಾಗಬಾರದೆಂದು ಟಿಪ್ಪು ಈ ಊರಿನ ಕೋಟೆಯನ್ನು ತಾನೇ ಹಾಳುಗೆಡವಿಸಿದ. 1799ರ ಮಾರ್ಚ್ 6ರಂದು ಇದೇ ಊರಿನಾಚೆ ಸಿದ್ದೇಶ್ವರದ ಕಣಿವೆಯಲ್ಲಿ ಟಿಪ್ಪುವಿಗೂ ಬೊಂಬಾಯಿ ಸೈನ್ಯಕ್ಕೂ ಕಾಳಗವಾಯಿತು. ಮರುವರ್ಷ ಈ ದಾರಿಯಲ್ಲಿ ಬಂದ ಬುಕಾನನ್, ಹಾಳುಬಿದ್ದ ಕೋಟೆಯೊಳಗೆ ಹುಲಿಗಳು ಸೇರಿಕೊಂಡಿವೆ, ಹಗಲಿನಲ್ಲೂ ಒಂಟಿಯಾಗಿ ಹೋಗಲು ಜನ ಹೆದರುತ್ತಾರೆ ಎಂದು ಬರೆದಿದ್ದಾನೆ. ಸೇನೆ ಬರುತ್ತದೆ, ಗೋಡೆ ಅಡ್ಡವಾಗುತ್ತದೆ, ಗೋಡೆ ಬೀಳುತ್ತದೆ. ಇದನ್ನು ಯುದ್ಧದ ಹಾನಿ ಎನ್ನೋಣ. ಇದಕ್ಕೂ ಅಳುವವರಿರುತ್ತಾರೆ, ಆದರೆ ಇದರ ತರ್ಕ ತಿಳಿಯುತ್ತದೆ.

ಇಗರ್ಜಿಗಳ ವಿಷಯದಲ್ಲಿ ತಾರೀಖುಗಳನ್ನು ಮತ್ತೆ ನೋಡಿ. ಕೋಟೆ ಜನವರಿ 30ಕ್ಕೆ ಶರಣಾಗಿತ್ತು. ಫಿರಂಗಿಗಳು ಸುಮ್ಮನಾಗಿದ್ದವು. ಕಾಗದದ ಮೇಲೆ ಯುದ್ಧ ಇನ್ನೂ ಮುಗಿದಿರಲಿಲ್ಲ, ನೆಲದ ಮೇಲೆ ಮುಗಿದಿತ್ತು. ಹಿಡಿಯಲು ಬಂದವರು ರೊಚ್ಚಿಗೆದ್ದ ಸಿಪಾಯಿಗಳಲ್ಲ, ಪಟ್ಟಿ ಹಿಡಿದ ಅಧಿಕಾರಿಗಳು. ಉಳ್ಳಾಲದ ಇಗರ್ಜಿ ಮಂಗಳೂರು ಕೋಟೆಗೆ ಹತ್ತಿರ ಎನ್ನಬಹುದು. ಬಾರ್ಕೂರಿನ ಇಗರ್ಜಿ ಯಾವ ಫಿರಂಗಿಗೆ ಅಡ್ಡವಾಗಿತ್ತು? ಕರಾವಳಿಯ ಉದ್ದಕ್ಕೂ ಚದುರಿದ ಇಪ್ಪತ್ತೇಳು ಕಟ್ಟಡಗಳು ಕಾಳಗದ ನಡುವೆ ಸಿಕ್ಕಿ ಬಿದ್ದವಲ್ಲ. ಒಂದು ಸಮುದಾಯ ಮತ್ತೆ ಅಲ್ಲಿಗೆ ಮರಳಬಾರದು ಎಂದು ಕೆಡವಿದಂಥವು. ಯುದ್ಧ ಇಲ್ಲಿ ಸಂದರ್ಭ ಮಾತ್ರ. ಮಾಡಿದ್ದು ಸರ್ಕಾರ.

ಇನ್ನು ದ್ರೋಹದ ಮಾತು. ಹತ್ತು ಜನ ಹಣ ಕೊಟ್ಟಿರಬಹುದು, ನೂರು ಜನ ಕೊಟ್ಟಿರಬಹುದು. ಹಾಲು ಕುಡಿಯುವ ಕೂಸು ಮ್ಯಾಥ್ಯೂಸನಿಗೆ ಏನು ಕೊಟ್ಟಿತ್ತು? ಈ ಪ್ರಶ್ನೆಯನ್ನು ನಾವು ಕೇಳದಿದ್ದರೆ ಇನ್ನಾರು ಕೇಳಬೇಕು? ಎಲ್ಲೋ ಬಾಂಬು ಸಿಡಿದರೆ ಇಲ್ಲಿ ಬಾಡಿಗೆ ಮನೆ ಸಿಗದಿರುವುದು, ಒಬ್ಬನ ತಪ್ಪಿಗೆ ಮೊಹಲ್ಲಾಕ್ಕೆ ಮೊಹಲ್ಲಾವೇ ನಿಷ್ಠೆಯ ಪುರಾವೆ ಕೊಡಬೇಕಾಗಿ ಬರುವುದು ಎಂಥದ್ದೆಂದು ಬಲ್ಲವರು ನಾವು. 'ಆ ಜನವೇ ಹಾಗೆ' ಎಂಬ ವಾಕ್ಯ ನಮ್ಮ ಬೆನ್ನಿಗೆ ಬಿದ್ದಾಗ ಅನ್ಯಾಯವೆನಿಸುವುದಾದರೆ, 1784ರ ಕೊಂಕಣಿ ಕ್ರೈಸ್ತರ ಬೆನ್ನಿಗೆ ಬಿದ್ದಾಗಲೂ ಅನ್ಯಾಯವೇ.

*

ಮೂರನೆಯ ಉತ್ತರ: ಶೃಂಗೇರಿ.

1791ರಲ್ಲಿ ಪರಶುರಾಮ ಭಾವುವಿನ ಮರಾಠ ಸೈನ್ಯದ ಪಿಂಡಾರಿಗಳು ಶೃಂಗೇರಿ ಮಠವನ್ನು ದೋಚಿದರು. ಟಿಪ್ಪು ಮಠದ ಸ್ವಾಮಿಗಳಿಗೆ ವಿನಯದಿಂದ ಪತ್ರ ಬರೆದ. ಶಾರದೆಯ ಮರುಪ್ರತಿಷ್ಠೆಗೆ ಹಣ, ಸಾಮಗ್ರಿ ಕಳಿಸಿದ. 1916ರಲ್ಲಿ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದ ಈ ಪತ್ರಗಳು ಕರ್ನಾಟಕದ ಇತಿಹಾಸದ ದೊಡ್ಡ ಆಸ್ತಿ. ಹಿಂದೂ ದೊರೆಯ ಸೈನ್ಯ ಹಿಂದೂ ಮಠವನ್ನು ಸುಲಿದದ್ದು, ಮುಸ್ಲಿಂ ದೊರೆ ಅದನ್ನು ಎತ್ತಿ ನಿಲ್ಲಿಸಿದ್ದು, ಇವತ್ತಿನ ಮತೀಯ ಲೆಕ್ಕಾಚಾರಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಅದನ್ನು ಹೇಳುತ್ತಲೇ ಇರಬೇಕು.

ಆದರೆ ಯಾರಿಗೆ ಹೇಳಬೇಕು? ಟಿಪ್ಪು ಹಿಂದೂ ದ್ವೇಷಿ ಎನ್ನುವವರಿಗೆ ಅದು ಉತ್ತರ. ಬಾರ್ಕೂರಿನವನಿಗೆ ಅದು ಉತ್ತರವಲ್ಲ. ಅವನು ಕೇಳುತ್ತಿರುವುದು ತನ್ನ ಮನೆ ಏಕೆ ಬಿತ್ತೆಂದು. ನಾವು ಪಕ್ಕದ ಬೀದಿಯ ಮನೆಯನ್ನು ಎಷ್ಟು ಚೆನ್ನಾಗಿ ಕಟ್ಟಿಸಿಕೊಟ್ಟೆವು ಎಂದು ಹೇಳುತ್ತಿದ್ದೇವೆ. ಇನ್ನೊಂದು ಮಾತೂ ಇದೆ. ಶೃಂಗೇರಿಯ ಪತ್ರಗಳು ಬಂದದ್ದು ಇಗರ್ಜಿಗಳು ಬಿದ್ದ ಏಳು ವರ್ಷಗಳ ನಂತರ. ಒಂದೇ ಕೈ ಎರಡನ್ನೂ ಮಾಡಿತು. ಅದೇ ಟಿಪ್ಪುವಿನ ಕಷ್ಟ, ಅವನ ಬಗ್ಗೆ ಬರೆಯುವವರ ಕಷ್ಟವೂ ಹೌದು. ಒಂದನ್ನು ಇನ್ನೊಂದರಿಂದ ಕಳೆದು ಶೇಷ ಎಷ್ಟೆಂದು ನೋಡುವುದು ಅಂಗಡಿ ಲೆಕ್ಕ.

*

ನಮ್ಮ ಸಾಹಿತ್ಯ ಈ ಕಷ್ಟವನ್ನು ಹೇಗೆ ಎದುರಿಸಿತು?

ನನ್ನ ತಲೆಮಾರಿನವರಿಗೆ ಟಿಪ್ಪು ಮೊದಲು ಸಿಕ್ಕಿದ್ದು ದೂರದರ್ಶನದಲ್ಲಿ. ಭಗವಾನ್ ಗಿದ್ವಾನಿಯವರ ಕಾದಂಬರಿ ಆಧರಿಸಿದ ಧಾರಾವಾಹಿ ಅದು. ಅದರ ಚಿತ್ರೀಕರಣದ ವೇಳೆ 1989ರಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಬೆಂಕಿ ಬಿದ್ದು ಹಲವರು ಸತ್ತ ನೆನಪು ನಮ್ಮ ಜಿಲ್ಲೆಯವರಿಗೆ ಮಾಸಿಲ್ಲ. ಮರುವರ್ಷ ಅದು ಪ್ರಸಾರವಾಗುವಾಗ, ಇದು ಕಾದಂಬರಿ ಆಧಾರಿತ, ಇತಿಹಾಸವಲ್ಲ ಎಂಬ ಸೂಚನೆ ಪರದೆಯ ಮೇಲೆ ಬರುತ್ತಿತ್ತು. ಟಿವಿ ಇದ್ದ ಒಂದೇ ಮನೆಯ ಪಡಸಾಲೆಯಲ್ಲಿ ಇಡೀ ಬೀದಿ ಕೂತು ನೋಡುತ್ತಿದ್ದೆವು. ಆ ಸೂಚನೆಯನ್ನು ಓದಿದವರಿಲ್ಲ. ನಮಗೆ ಒಬ್ಬ ನಾಯಕ ಬೇಕಾಗಿದ್ದ, ಸಿಕ್ಕಿದ.

ಗಿರೀಶ ಕಾರ್ನಾಡರ ಟಿಪ್ಪು ನಾಟಕ ಬೇರೆ ಮಟ್ಟದ್ದು. 1997ರಲ್ಲಿ ಬಿಬಿಸಿ ರೇಡಿಯೋಗಾಗಿ ಬರೆದು ಮುಂದೆ ಕನ್ನಡಕ್ಕೆ ಬಂದ ಈ ಕೃತಿ, ಸುಲ್ತಾನ ಗುಟ್ಟಾಗಿ ಬರೆದಿಟ್ಟ ಕನಸುಗಳ ಪುಸ್ತಕವನ್ನು ಹಿಡಿದು ಅವನ ಒಳಗನ್ನು ನೋಡುತ್ತದೆ. ಸೋತ ದೊರೆಯ ಇತಿಹಾಸವನ್ನು ಗೆದ್ದವರಿಗಾಗಿ ಬರೆಯಬೇಕಾದ ಕಿರ್ಮಾನಿಯ ಸಂಕಟವೂ ಅಲ್ಲಿದೆ. ನನಗೆ ಪ್ರಿಯವಾದ ನಾಟಕ ಅದು. ಆದರೂ ಅಲ್ಲಿ ನಾವು ಕಾಣುವುದು ಕನಸು ಕಂಡವನನ್ನು. ಅವನ ಹುಕುಮಿನಿಂದ ನಿದ್ದೆ ಕಳೆದುಕೊಂಡವರು ಆ ನಾಟಕದ ಕೇಂದ್ರಕ್ಕೆ ಬರುವುದಿಲ್ಲ. 2006ರಲ್ಲಿ ಸಚಿವರೊಬ್ಬರ ಹೇಳಿಕೆಯಿಂದ ಶುರುವಾಗಿ ಕಾರ್ನಾಡ, ಭೈರಪ್ಪ ಮುಂತಾದವರು ಪತ್ರಿಕೆಯಲ್ಲಿ ನಡೆಸಿದ ದೊಡ್ಡ ಚರ್ಚೆಯ ಕತೆಯೂ ಅದೇ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಮೊಕದ್ದಮೆಯಲ್ಲಿ ಕೊಂಕಣಿ ಕ್ರೈಸ್ತರು ಸಾಕ್ಷಿ ಪಟ್ಟಿಯ ಒಂದು ನಂಬರು ಮಾತ್ರ. ಸಾಕ್ಷಿಯನ್ನು ವಕೀಲರು ಕರೆಯುತ್ತಾರೆ, ಕೇಳಿದ್ದಕ್ಕಷ್ಟೆ ಉತ್ತರಿಸು ಎನ್ನುತ್ತಾರೆ, ಕಳಿಸುತ್ತಾರೆ.

ಆ ಸಮುದಾಯ ತನ್ನ ಕಥೆಯನ್ನು ತಾನೇ ಹೇಳಿಕೊಂಡಿಲ್ಲವೆಂದಲ್ಲ. ವಿ.ಜೆ.ಪಿ. ಸಲ್ಡಾನ್ಹಾ ಈ ಸೆರೆಯ ಕಾಲದ ಬಗ್ಗೆ ಕೊಂಕಣಿಯಲ್ಲಿ ಸಾಲು ಸಾಲು ಕಾದಂಬರಿಗಳನ್ನು ಬರೆದರು. ಅವುಗಳಲ್ಲೊಂದು 'ಬೆಳ್ತಂಗಡಿಚೊ ಬಾಲ್ತಜಾರ್'. ಹೆಸರನ್ನೇ ಗಮನಿಸಿ. ಸುಲ್ತಾನನ ಹೆಸರಲ್ಲ, ಜನರಲ್ಲನ ಹೆಸರಲ್ಲ, ಬೆಳ್ತಂಗಡಿಯ ಒಬ್ಬ ಬಾಲ್ತಜಾರನ ಹೆಸರು. ಮಂಗಳೂರಿನ ಕ್ರೈಸ್ತರು ಕೊಂಕಣಿಯನ್ನು ಬರೆಯುವುದು ಕನ್ನಡ ಲಿಪಿಯಲ್ಲಿ. ಅಂದರೆ ಪುಸ್ತಕ ತೆರೆದರೆ ನನ್ನಂಥವನೂ ಅಕ್ಷರ ಅಕ್ಷರ ಓದಬಲ್ಲೆ. ಅರ್ಥ ಮಾತ್ರ ಜಾರಿ ಹೋಗುತ್ತದೆ. ಕನ್ನಡದ ಲಿಪಿಯಲ್ಲೇ ಇರುವ ಈ ನೋವು ಕನ್ನಡದ ಓದುಗನ ಎದೆಗೆ ಇಳಿದಿಲ್ಲ. ಅದೇ ಸಮುದಾಯದ ಅಲನ್ ಮಚಾದೊ ಪ್ರಭು 1999ರಲ್ಲಿ ತಮ್ಮ ಜನರ ಇತಿಹಾಸವನ್ನೂ, 2015ರಲ್ಲಿ ಈ ಸೆರೆಯ ಬಗ್ಗೆಯೇ ಇನ್ನೊಂದು ಪುಸ್ತಕವನ್ನೂ ಇಂಗ್ಲಿಷಿನಲ್ಲಿ ಬರೆದರು. ನಮ್ಮ ಮುಸ್ಲಿಂ ಲೇಖಕರ ಗೋಷ್ಠಿಗಳಲ್ಲಿ ಈ ಹೆಸರುಗಳು ಕೇಳಿಬಂದದ್ದು ನನಗೆ ನೆನಪಿಲ್ಲ. ನಾವು ಟಿಪ್ಪುವಿನ ವಿರೋಧಿಗಳಿಗೆ ಉತ್ತರ ಕೊಡುವುದರಲ್ಲೇ ಮುಳುಗಿದ್ದೆವು. ವಿರೋಧಿಯೂ ಅಲ್ಲದ, ಭಕ್ತನೂ ಅಲ್ಲದ, ಸುಮ್ಮನೆ ನೊಂದವನೊಬ್ಬ ಊಟದ ಸಾಲಿನಲ್ಲಿ ನಿಂತಿದ್ದಾನೆ ಎಂಬುದು ಕಾಣಲಿಲ್ಲ.

*

ಕಥೆಗಾರನಾಗಿ ನನಗೆ ಈ ಇತಿಹಾಸದಲ್ಲಿ ಹೆಚ್ಚು ಕಾಡುವುದು ದೊರೆಯಲ್ಲ, ಅಂಚಿನಲ್ಲಿ ನಿಂತ ಜನ.

ಮೂಡಬಿದಿರೆಯ ಬಳಿ ಹೊಸ್ಪೆಟ್ ಎಂಬ ಇಗರ್ಜಿಯಿದೆ. ಕೆನರಾದ ಇಗರ್ಜಿಗಳು ಬೀಳುತ್ತಿದ್ದಾಗ ಅದೊಂದು ಉಳಿದುಕೊಂಡಿತು. ಉಳಿಸಿದವನು ಮೂಡಬಿದಿರೆಯ ಜೈನ ಅರಸ ಚೌಟ ಎಂದು ಅಲ್ಲಿಯವರು ಹೇಳುತ್ತಾರೆ. ತನ್ನ ಮತವಲ್ಲದ ಗುಡಿಗಾಗಿ ಬಲಾಢ್ಯ ದೊರೆಯ ಮುಂದೆ ಬಾಯಿ ತೆರೆದ ಈ ಸಣ್ಣ ಅರಸನ ಬಗ್ಗೆ ನಮ್ಮಲ್ಲಿ ಒಂದು ಒಳ್ಳೆಯ ಕತೆಯಿಲ್ಲ. ನಮ್ಮ ನೆರೆಯ ಕೊಡಗಿನಲ್ಲಿ ದೊಡ್ಡ ವೀರರಾಜೇಂದ್ರ 1792ರಲ್ಲಿ ವಿರಾಜಪೇಟೆಯನ್ನು ಕಟ್ಟಿದಾಗ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಅಲ್ಲಿ ನೆಲೆ ಕೊಟ್ಟ. ಅಲ್ಲಿನ ಸಂತ ಅನ್ನಮ್ಮನ ಚರ್ಚು ಹುಟ್ಟಿದ್ದು ಹಾಗೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಬೆ ದುಬೊಯ್ ಎಂಬ ಫ್ರೆಂಚ್ ಪಾದ್ರಿ ಬಂದು ಚೆಲ್ಲಾಪಿಲ್ಲಿಯಾದ ಕ್ರೈಸ್ತರನ್ನು ಮತ್ತೆ ಕೂಡಿಸಿದ. ಬದುಕಿದವರಲ್ಲಿ ಸುಮಾರು ಹತ್ತು ಸಾವಿರ ಜನ ಕರಾವಳಿಗೆ ಮರಳಿದರೆಂದು ಹೇಳುತ್ತಾರೆ. ಇಗರ್ಜಿಗಳು ಒಂದೊಂದಾಗಿ ಮತ್ತೆ ಎದ್ದವು.

ಮರಳದವರು ಏನಾದರು? ಇದೇ ನನ್ನ ಪ್ರಶ್ನೆ. 1784ರಲ್ಲಿ ಐದು ವರ್ಷದ ಮಗುವಾಗಿದ್ದವನಿಗೆ 1799ರಲ್ಲಿ ಇಪ್ಪತ್ತು. ಅವನಿಗೆ ನಮಾಜು ಬರುತ್ತಿತ್ತು, ತಾಯಿಯ ಭಾಷೆ ಮರೆತಿತ್ತು, ಮದುವೆಯೂ ಆಗಿರಬಹುದು. ಯಾರದೋ ಮನೆ ಸೇರಿದ ಹೆಣ್ಣುಮಗಳಿಗೆ ಅಷ್ಟರಲ್ಲಿ ನಾಲ್ಕು ಮಕ್ಕಳು. ಬಾಗಿಲು ತೆರೆಯಿತು, ಹೋಗಬಹುದು ಎಂದಾಗ ಎಲ್ಲರೂ ಹೋಗಲಿಲ್ಲ, ಹೋಗಲು ಆಗುವಂತೆಯೂ ಇರಲಿಲ್ಲ. ಉಳಿದವರು ಎಲ್ಲಿ ಉಳಿದರು? ನಮ್ಮೊಳಗೇ. ಈ ಸೀಮೆಯ ನಮ್ಮ ಯಾವ ಮನೆಯಲ್ಲಿ ಎಂದು ಯಾರೂ ಬೆರಳಿಟ್ಟು ತೋರಿಸಲಾರರು, ಆದರೆ ಅವರ ಮಕ್ಕಳ ಮಕ್ಕಳು ನಮ್ಮ ಸಫ್‌ಗಳಲ್ಲೇ ನಿಂತು ನಮಾಜು ಮಾಡಿದ್ದಾರೆ. ಹಾಗಾದರೆ ಕೆಡವಿದ ಇಗರ್ಜಿಗಳು 'ಅವರವು' ಮಾತ್ರ ಎನ್ನಲು ನಮಗೆ ಏನು ಹಕ್ಕಿದೆ? ನಮ್ಮಲ್ಲಿ ಕೆಲವರ ನಾನಿಯ ನಾನಿ ಚಿಕ್ಕವಳಿದ್ದಾಗ ಮೊಣಕಾಲೂರಿದ ನೆಲ ಅದು. ಈ ಕಥೆಯನ್ನು ಕೊಂಕಣಿಯ ಲೇಖಕರು ಬರೆಯಲಾರರು, ಭೈರಪ್ಪನವರ ಓದುಗರು ಬಯಸಲಾರರು. ಇದನ್ನು ನಾವೇ ಬರೆಯಬೇಕು.

ಕೆ.ಆರ್. ನಗರ ತಾಲ್ಲೂಕಿನ ದೋರ್ನಹಳ್ಳಿಗೆ ಚಿಕ್ಕಂದಿನಲ್ಲಿ ಅಮ್ಮಿಯ ಜೊತೆ ಹೋಗಿದ್ದೆ. ನನಗೆ ಬಿಡದ ಜ್ವರ ಬಂದಾಗ ಹರಕೆ ಹೊತ್ತಿದ್ದರಂತೆ. ಜೂನ್ 13ರ ಸಂತ ಅಂತೋಣಿಯ ಹಬ್ಬಕ್ಕೆ ಸುತ್ತಿನ ತಾಲ್ಲೂಕುಗಳಿಂದ ಎಲ್ಲ ಜಾತಿಯವರೂ ಬರುತ್ತಾರೆ, ಬುರ್ಖಾ ತೊಟ್ಟವರೂ ಇರುತ್ತಾರೆ. ಇನ್ನೂರು ವರ್ಷಗಳ ಹಿಂದೆ ರೈತನೊಬ್ಬ ಹೊಲ ಉಳುವಾಗ ನೇಗಿಲಿಗೆ ಮರದ ಮೂರ್ತಿ ಸಿಕ್ಕಿತು, ಅದೇನೆಂದು ತಿಳಿಯದೆ ಎಸೆದ, ಮನೆಗೆ ಕಷ್ಟ ಬಂತು, ಕೊನೆಗೆ ಗುಡಿ ಕಟ್ಟಿ ಇಟ್ಟ, ಅದು ಸಂತ ಅಂತೋಣಿಯದೆಂದು ತಿಳಿದದ್ದು ಆಮೇಲೆ. ನಾನು ಕೇಳಿದ ಕಥೆ ಇಷ್ಟೆ. ಮೂರ್ತಿ ಮಣ್ಣಿಗೆ ಸೇರಿದ್ದು ಯಾರಿಂದ, ಯಾರ ಹೆದರಿಕೆಗೆ ಎಂದು ಆ ಕಥೆ ಕೆದಕುವುದಿಲ್ಲ. ಯಾರನ್ನೂ ದೂರುವುದಿಲ್ಲ. ಸಿಕ್ಕಿದ್ದನ್ನು ಎತ್ತಿ ಇಟ್ಟ ರೈತನನ್ನು ಮಾತ್ರ ನೆನೆಯುತ್ತದೆ. ಆ ಚರ್ಚನ್ನು 2019ರಲ್ಲಿ ಬೆಸಿಲಿಕಾ ಎಂದು ಘೋಷಿಸಿದರು. ಅದಕ್ಕೂ ಮೂರು ವರ್ಷ ಮೊದಲು ಅದೇ ಗೌರವ ಪಡೆದದ್ದು ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿ, 1784ರಲ್ಲಿ ನೆಲಸಮವಾದ ಇಗರ್ಜಿಯ ಉತ್ತರಾಧಿಕಾರಿ. ಅಲ್ಲಿಯ ಜಾತ್ರೆಗೂ ಹಿಂದೂಗಳು, ಮುಸ್ಲಿಮರು ಹೋಗುತ್ತಾರೆ. ನಮ್ಮ ಹೆಂಗಸರು ಮೋಂಬತ್ತಿ ಹಚ್ಚಿ ಎಂದೋ ದಾಟಿದ ಹೊಳೆಯ ದಡದಲ್ಲಿ ನಾವು ಗಂಡಸರು ಇನ್ನೂ ವಾದ ಮಾಡುತ್ತ ನಿಂತಿದ್ದೇವೆ.

*

ಇದನ್ನೆಲ್ಲ ಈಗ ಬರೆದರೆ ಟಿಪ್ಪುವನ್ನು ಹಳಿಯುವವರ ಕೈಗೆ ಕೋಲು ಕೊಟ್ಟಂತಾಗುವುದಿಲ್ಲವೇ ಎಂದು ಗೆಳೆಯರು ಕೇಳುತ್ತಾರೆ. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಮಾಡಿದಾಗ ಮಡಿಕೇರಿಯಲ್ಲಿ ಗಲಭೆಯಾಗಿ ಜೀವ ಹೋಯಿತು. 2019ರಲ್ಲಿ ಬಂದ ಸರ್ಕಾರ ಜಯಂತಿಯನ್ನೇ ನಿಲ್ಲಿಸಿತು. ಹೆದರಿಕೆಗೆ ಕಾರಣವಿದೆ.

ಆದರೆ ಕೋಲು ಆಗಲೇ ಅವರ ಕೈಯಲ್ಲಿದೆ. 2008ರ ಸೆಪ್ಟೆಂಬರ್ 14ರ ಭಾನುವಾರವನ್ನು ನೆನೆಯಿರಿ. ಮಂಗಳೂರಿನ ಮಿಲಾಗ್ರಿಸ್ ಬಳಿಯ ಸನ್ಯಾಸಿನಿಯರ ಆರಾಧನಾ ಮಠವೂ ಸೇರಿದಂತೆ ಕರಾವಳಿ, ಮಲೆನಾಡಿನ ಹಲವು ಪ್ರಾರ್ಥನಾ ಸ್ಥಳಗಳ ಮೇಲೆ ದಾಳಿ ನಡೆಯಿತು. ಕ್ರೈಸ್ತರು ಬೀದಿಗಿಳಿದಾಗ ಲಾಠಿಯೂ ಬಿತ್ತು. ಅಂದು ಯುದ್ಧವಿರಲಿಲ್ಲ, ಸುಲ್ತಾನನಿರಲಿಲ್ಲ. ಟಿಪ್ಪು ಕೆಡವಿದ ಇಗರ್ಜಿಗಳನ್ನು ವೇದಿಕೆಗಳಲ್ಲಿ ಎಣಿಸುವ ರಾಜಕಾರಣಕ್ಕೂ ಅಂದು ಕಲ್ಲು ಎತ್ತಿದ ಕೈಗಳಿಗೂ ದೂರವಿರಲಿಲ್ಲ. ಅವರಿಗೆ ಬೇಕಾದದ್ದು ಇಪ್ಪತ್ತೇಳು ಎಂಬ ಸಂಖ್ಯೆ, ಇಗರ್ಜಿಯಲ್ಲ. ಇದನ್ನು ನಾವು ಹೇಳಬಹುದು, ಹೇಳಬೇಕು. ಆದರೆ ಇಪ್ಪತ್ತೇಳನ್ನು ಒಪ್ಪದೆ 2008ರ ಬಗ್ಗೆ ಮಾತಾಡಿದರೆ ನಮ್ಮ ಮಾತಿಗೂ ಅವರ ಮಾತಿಗೂ ವ್ಯತ್ಯಾಸ ಉಳಿಯುವುದಿಲ್ಲ. ಅವರು ಒಂದು ದಾಳಿಯನ್ನು ಮುಚ್ಚುತ್ತಾರೆ, ನಾವು ಇನ್ನೊಂದನ್ನು.

ನಮಗೆ ಅಳತೆಗೋಲಿಗೆ ಕೊರತೆಯಿಲ್ಲ. ದೇವರ ಹೆಸರು ನೆನೆಯುವ ಆಶ್ರಮ, ಚರ್ಚು, ಯಹೂದಿ ಮಂದಿರ, ಮಸೀದಿಗಳನ್ನು ಒಂದೇ ಸಾಲಿನಲ್ಲಿ ಹೆಸರಿಸಿ, ಅವು ಕೆಡವಲ್ಪಡದಂತೆ ಕಾಯುವ ಮಾತು ಕುರ್‌ಆನಿನ ಹಜ್ಜ್ ಅಧ್ಯಾಯದ 40ನೇ ವಚನದಲ್ಲಿದೆ. ಜೆರುಸಲೇಮಿನ ದೊಡ್ಡ ಚರ್ಚಿನಲ್ಲಿ ನಮಾಜಿನ ಹೊತ್ತಾದಾಗ, ನಾನಿಲ್ಲಿ ನಮಾಜು ಮಾಡಿದರೆ ನಾಳೆ ನನ್ನವರು ಇದನ್ನು ಮಸೀದಿ ಮಾಡಿಯಾರು ಎಂದು ಖಲೀಫ ಉಮರ್ ಹೊರಗೆ ಬಂದು ನಮಾಜು ಮಾಡಿದ ಪ್ರಸಂಗವನ್ನು ನಮ್ಮ ಮಕ್ಕಳಿಗೆ ಹೇಳಿಕೊಡುತ್ತೇವೆ. ಗೆದ್ದ ಊರಿನಲ್ಲಿ, ಕೈಯಲ್ಲಿ ಅಧಿಕಾರ ಇರುವಾಗ ನಡೆದ ಮಾತದು. ಟಿಪ್ಪುವನ್ನು ಇಂಗ್ಲಿಷರ ಅಳತೆಗೋಲಿನಿಂದ ಅಳೆಯುವುದು ಬೇಡ. ನಮ್ಮದರಿಂದಲೇ ಅಳೆದರೂ 1784ರಲ್ಲಿ ಅವನು ಸೋತಿದ್ದಾನೆ. ಅದನ್ನು ಒಪ್ಪಿದರೆ 1799ರ ಕೋಟೆ ಬಾಗಿಲಿನ ಸಾವು ಚಿಕ್ಕದಾಗುವುದಿಲ್ಲ, ಶೃಂಗೇರಿಯ ಪತ್ರಗಳೂ ಸುಳ್ಳಾಗುವುದಿಲ್ಲ.

ಹುಣಸೂರಿನಿಂದ ಮಂಗಳೂರಿನ ಬಸ್ಸು ಹತ್ತಿದರೆ ಪಿರಿಯಾಪಟ್ಟಣ, ಮಡಿಕೇರಿ ದಾಟಿ ಘಟ್ಟ ಇಳಿಯುತ್ತದೆ. ಆ ಮಾಸ್ತರರು ಬದುಕಿದ್ದಾರೋ ಇಲ್ಲವೋ ತಿಳಿಯದು; ಅವರ ಹೆಸರನ್ನೂ ನಾನು ಅಂದು ಕೇಳಿಕೊಳ್ಳಲಿಲ್ಲ. ಮುಂದೆ ಯಾರಾದರೂ ಟಿಪ್ಪುವಿನ ಬಗ್ಗೆ ಮಾತಾಡಲು ಕರೆದರೆ ಶೃಂಗೇರಿಯನ್ನು ಹೇಳುತ್ತೇನೆ. ಉಳ್ಳಾಲ, ಮೂಲ್ಕಿ, ಕಾರ್ಕಳ, ಬಾರ್ಕೂರುಗಳನ್ನೂ ಹೇಳುತ್ತೇನೆ. ಎರಡರ ನಡುವೆ 'ಆದರೆ' ಎಂಬ ಪದ ಸೇರಿಸುವುದಿಲ್ಲ.